ಮೊಟ್ಟೆ ಲೈನಿನ ಗಾಡಿ

ನವೆಂಬರ್ 26

ಸಂಜೆ ಏಳು ಗಂಟೆ. ಬೆಳಿಗ್ಗೆ ಚಾದರಗಳನ್ನೆಲ್ಲ ಒಗೆದು ಹಾಕಿದೆ. ಮಧ್ಯಾಹ್ನಕ್ಕೆ ಗಂಜಿ, ಒಣಮೀನಿನ ಚಟ್ನಿ. ನಾಲ್ಕು ಗಂಟೆಗೆ ಇವರ ಗಾಡಿ ಬಂತು.

ಸೆಪ್ಟೆಂಬರಿನಲ್ಲಿ ಇವರು ಬುಕ್ ಮಾಡಿದ್ದ ಪಿಕಪ್. ಯಾಕೆ ತಡ ಎಂದು ಶೋರೂಮಿನವರ ಹತ್ತಿರ ಫೋನಿನಲ್ಲಿ ಜಗಳ ಮಾಡುತ್ತಿದ್ದರು. ಇವರು ತೀರಿಕೊಂಡು ಮೂರು ವಾರ ಕಳೆದ ಮೇಲೆ ಅದು ಬಂತು.

ಕಿಟಕಿಯಿಂದ ನೋಡಿದೆ. ಬಿಳಿ ಬಣ್ಣ. ಹಳೆಯದಕ್ಕಿಂತ ಎತ್ತರ. ಮುಂದಿನ ಮುಖ ಹಳೆಯದರ ಹಾಗೆ ಚಪ್ಪಟೆ ಅಲ್ಲ, ಸ್ವಲ್ಪ ಮುಂದಕ್ಕೆ ಬಂದಿದೆ. ಸರಕು ಹಾಕುವ ಹಿಂದಿನ ಬಾಡಿ ಮೊಳದಷ್ಟು ಹೆಚ್ಚು ಉದ್ದ. ಬಾನೆಟ್ಟಿಗೆ ಸೇವಂತಿಗೆ ಮಾಲೆ ಹಾಕಿದ್ದರು. ಶೋರೂಮಿನ ದೀಪೇಶ್ ಎಂಬವರು ರಟ್ಟಿನ ದೊಡ್ಡ ಕೀಲಿಕೈ ಹಿಡಿದುಕೊಂಡು, ರವೂಫ್ ಸರ್ ಎಲ್ಲಿ, ಫೋಟೋ ತೆಗೆಯಬೇಕಿತ್ತು ಎಂದು ಕೇಳಿದರು. ಅವರಿಗೆ ಯಾರೂ ಹೇಳಿರಲಿಲ್ಲ. ಇವರ ತಮ್ಮ ಬದ್ರುದ್ದೀನ್ ಬದಿಗೆ ಕರೆದುಕೊಂಡು ಹೋಗಿ ಹೇಳಿದ. ದೀಪೇಶ್ ಕೀಲಿಕೈಯನ್ನು ಬೆನ್ನ ಹಿಂದೆ ಹಿಡಿದರು. ಹಾಗಾದರೆ ಮೇಡಂ ಬರಬಹುದಾ ಎಂದರು. ಅತ್ತಿಗೆ ಇದ್ದತ್ತಿನಲ್ಲಿದ್ದಾರೆ, ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ನಮ್ಮ ಹೆಂಗಸರು ಮನೆಯಲ್ಲೇ ಇರಬೇಕು ಎಂದು ಬದ್ರು ವಿವರಿಸಿದ. ಕೊನೆಗೆ ಫೋಟೋಕ್ಕೆ ಗಾಡಿ ಒಂದೇ ನಿಂತಿತು.

ಹಳೆಯ ಗಾಡಿಯನ್ನು ಎಕ್ಸ್‌ಚೇಂಜಿಗೆ ಒಯ್ದರು. ಅದರಲ್ಲಿ ಇದ್ದ ಸಾಮಾನು ಒಗೆಯುವ ಕಲ್ಲಿನ ಬದಿಯಲ್ಲಿ ಬಿದ್ದಿದೆ. ಹಗ್ಗ, ಒಂದು ಹಳೆ ಕೊಡೆ, ಎರಡು ಮರಳಿನ ಚೀಲ.

ಬದ್ರು ಹೊಸ ಗಾಡಿಗೆ ತಾರ್ಪಾಲು ಹೊದೆಸಿ ಬಾಗಿಲ ಆಚೆ ನಿಂತು ಮಾತಾಡಿದ. ನನ್ನ ಇದ್ದತ್ ಮುಗಿಯುವ ತನಕ ಶಫೀಕ್ ಎಂಬ ಡ್ರೈವರ್ ಈ ಗಾಡಿಯಲ್ಲಿ ಇವರ ಮೊಟ್ಟೆ ಲೈನು, ಅಂದರೆ ಅಂಗಡಿಗಳಿಗೆ ಮೊಟ್ಟೆ ಹಾಕುವ ಕೆಲಸ, ನೋಡಿಕೊಳ್ಳುತ್ತಾನೆ. ಆಮೇಲೆ ಗಾಡಿ ಮಾರಿಬಿಡುವುದು, ಕೃಷ್ಣಾಪುರದಲ್ಲಿ ಒಬ್ಬರು ಕೇಳಿದ್ದಾರೆ, ಅಲ್ಲಿಯವರೆಗೆ ಹೊಸದು ಹೊಸದರ ಹಾಗೆಯೇ ಇರಬೇಕು ಎಂದ. ಹೆಂಗಸರೇ ಇರುವ ಮನೆಯಲ್ಲಿ ಪಿಕಪ್ ಇಟ್ಟುಕೊಂಡು ಎಂತ ಮಾಡುವುದು ಎಂದೂ ಹೇಳಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ನಾನು ಹೂಂ ಎಂದೆ.

ನವೆಂಬರ್ 28

ಸಂಜೆಯ ಅಸರ್ ನಮಾಝ್ ಆಯಿತು. ಇವರ ಅಕ್ಕ ಶಮೀಮಾ ಉಳ್ಳಾಲದಿಂದ ಬಂದಿದ್ದಾರೆ. ಇದ್ದತ್ ಮುಗಿಯುವ ತನಕ ನನ್ನ ಜೊತೆ ಇರುತ್ತಾರಂತೆ. ಬಂದವರೇ ತಾರ್ಪಾಲು ಎತ್ತಿ ಗಾಡಿಯ ಬಾಗಿಲು ತೆರೆದರು. ಒಳಗಿಂದ ಪರಿಮಳ ಬಂತು. ಶೋರೂಮಿನವರು ಕನ್ನಡಿಗೆ ಅತ್ತರಿನ ಸಣ್ಣ ಬಾಟಲಿ ನೇತುಹಾಕಿದ್ದರು. ಇದ್ದತ್ತಿನಲ್ಲಿ ಪರಿಮಳ ಆಗದು ಎಂದು ಶಮೀಮಾ ಅದನ್ನು ಬಿಚ್ಚಿ ಬಾಳೆಗಿಡದ ಬುಡಕ್ಕೆ ಎಸೆದರು.

"ಗಾಡಿಗೆ ಇದ್ದತ್ ಇಲ್ಲ ಮಾಮಿ" ಎಂದಳು ಮಗಳು ಫಾಯಿಝಾ.

"ಗಾಡಿಗಿಲ್ಲ. ಅದರ ಒಳಗೆ ಕೂರುವ ನಿನ್ನ ಉಮ್ಮನಿಗೆ ಉಂಟಲ್ಲ."

ನಾನು ಒಳಗೆ ಕೂರುತ್ತೇನೆ ಎಂದು ಯಾರು ಹೇಳಿದ್ದೋ ಗೊತ್ತಿಲ್ಲ. ಅಂಗಳ ಮನೆಯದೇ ಆದ್ದರಿಂದ ಅಡ್ಡಿಯಿಲ್ಲ, ಸುತ್ತ ಕಾಂಪೌಂಡು ಉಂಟು ಎಂದು ಅವರೇ ಹೇಳಿದರು. ಕೂತೆ, ಎಡಗಡೆ. ಸೀಟಿನ ಪ್ಲಾಸ್ಟಿಕ್ ತೆಗೆದಿಲ್ಲ, ಅಲುಗಾಡಿದರೆ ಶಬ್ದ ಮಾಡುತ್ತದೆ.

ಫಾಯಿಝಾ ಡ್ರೈವರ್ ಸೀಟಿನಲ್ಲಿ ಕೂತು ಗಾಡಿಯ ಪುಸ್ತಕ ಓದಿದಳು. ಸ್ಟೇರಿಂಗ್ ಪವರ್, ಒಂದೇ ಕೈಯಲ್ಲಿ ತಿರುಗುತ್ತದೆ. ರಿವರ್ಸ್ ಹಾಕಿದರೆ ಹಿಂದಿನದು ಪರದೆಯಲ್ಲಿ ಕಾಣುತ್ತದೆ, ಒಗೆಯುವ ಕಲ್ಲು ಕಂಡಿತು. ಗೇರು ಯಾವಾಗ ಬದಲಿಸಬೇಕು ಎಂದು ಒಂದು ಬಾಣ ತೋರಿಸುತ್ತದೆ. ಏರಿನಲ್ಲಿ ಬ್ರೇಕಿನಿಂದ ಕಾಲು ತೆಗೆದರೂ ಗಾಡಿ ಒಂದು ಗಳಿಗೆ ಹಿಂದೆ ಬರದೆ ನಿಲ್ಲುತ್ತದೆ. ಡ್ರೈವರ್ ಸೀಟಿನ ಬದಿಯ ಹಿಡಿ ಎಳೆದರೆ ಸೀಟು ಮೇಲಕ್ಕೂ ಮುಂದಕ್ಕೂ ಬರುತ್ತದೆ.

ಇದೆಲ್ಲ ನನಗೆ ಹೊಸದಲ್ಲ. ಊಟಕ್ಕೆ ಕೂತಾಗ ಇವರು ಹೇಳುತ್ತಿದ್ದರು, ನಾನು ಮೀನಿನ ಮುಳ್ಳು ತೆಗೆಯುತ್ತಾ ಕೇಳುತ್ತಿದ್ದೆ. ಸೀಟು ಏರುವ ವಿಷಯ ಎಷ್ಟೋ ಸಲ ಹೇಳಿದ್ದರು. ಇವರಷ್ಟು ಉದ್ದದವರು ಸೀಟು ಏರಿಸಿ ಏನು ಮಾಡುವುದು.

ಡಿಸೆಂಬರ್ 3

ಮಧ್ಯಾಹ್ನ ಎರಡು. ಶಫೀಕ್ ನಿನ್ನೆಯಿಂದ ಲೈನಿಗೆ ಹೋಗುತ್ತಿದ್ದಾನೆ. ಬೆಳಿಗ್ಗೆ ಬೈಕಂಪಾಡಿಯಲ್ಲಿ ಕಜೆಟನ್ ಅವರ ಮೊಟ್ಟೆ ಗೋಡೌನಿನಿಂದ ಲೋಡು ಮಾಡಿ, ಪಣಂಬೂರು ದಾಟಿ ಕೂಳೂರು, ಕೊಟ್ಟಾರ, ಬಿಜೈ ಕಡೆಯ ಅಂಗಡಿಗಳಿಗೆ ಇಳಿಸುತ್ತಾ ಕೊನೆಗೆ ವಾಮಂಜೂರಿಗೆ, ಅಂದರೆ ನಮ್ಮ ಮನೆಗೆ. ಇವರು ಹನ್ನೆರಡು ವರ್ಷ ಇದೇ ರಸ್ತೆಯಲ್ಲಿ ಹೋದರು.

ಶಫೀಕ್ ಒಂದು ಬಕೆಟು ತುಂಬ ಒಡೆದ ಮೊಟ್ಟೆ ತಂದು ಜಗಲಿಯಲ್ಲಿ ಇಟ್ಟ. ಅಂಗಡಿಯವರು ತೆಗೆದುಕೊಳ್ಳಲಿಲ್ಲವಂತೆ.

ಲೈನಿನಲ್ಲಿ ಒಡೆದದ್ದು ಮನೆಗೆ ಬರುವುದು ರೂಢಿ. ಇವರ ಕಾಲದಲ್ಲಿ ಒಂದು ಆಮ್ಲೆಟಿಗೂ ಸಾಲುತ್ತಿರಲಿಲ್ಲ. ಮೊಟ್ಟೆ ವ್ಯಾಪಾರಿಯ ಮನೆಯಲ್ಲಿ ಮೊಟ್ಟೆಗೆ ಬರ ಎಂದು ಫಾಯಿಝಾ ತಮಾಷೆ ಮಾಡುತ್ತಿದ್ದಳು. ಶಮೀಮಾ ಇಂದು ಮೊಟ್ಟೆ ಗಸಿ ಮಾಡಿದರು, ಉಳಿದದ್ದರಲ್ಲಿ ಕೇಕು. ನನಗೆ ಅದರ ವಾಸನೆ ಸೇರಲಿಲ್ಲ. ಗಂಜಿ ಉಂಡೆ.

ಡಿಸೆಂಬರ್ 9

ಏನಿಲ್ಲ. ಇವರು ಏಳುತ್ತಿದ್ದ ಹೊತ್ತಿಗೆ, ನಾಲ್ಕೂವರೆಗೆ, ಎದ್ದು ಎರಡು ಗ್ಲಾಸು ಚಹಾ ಮಾಡಿದೆ. ಎರಡನೆಯದನ್ನು ಶಮೀಮಾ ಕುಡಿದರು.

ಡಿಸೆಂಬರ್ 17

ಬೆಳಿಗ್ಗೆ ಹನ್ನೊಂದು. ಗಾಡಿ ಎಲ್ಲಿದೆ ಎಂದು ಫೋನಿನಲ್ಲಿ ಕಾಣುತ್ತದೆ. ಫಾಯಿಝಾ ನನ್ನ ಫೋನಿಗೆ ಹಾಕಿಕೊಟ್ಟು ಕಾಲೇಜಿಗೆ ಹೋದಳು. ನಕ್ಷೆಯ ಮೇಲೆ ಒಂದು ನೀಲಿ ಚುಕ್ಕೆ. ಬ್ರೇಕು ಜೋರಾಗಿ ಒತ್ತಿದರೆ ಫೋನು ಟಿಂಗ್ ಎನ್ನುತ್ತದೆ. ಬೆಳಿಗ್ಗೆಯಿಂದ ಎಷ್ಟು ಸಲ ಎಂದಿತೋ. ಶಮೀಮಾ ತಸ್ಬೀಹ್ ಮಣಿ ಎಣಿಸುತ್ತಿದ್ದವರು, ಈ ಶಫೀಕನ ಕಾಲಿನಲ್ಲಿ ನನ್ನ ಲೆಕ್ಕ ತಪ್ಪುತ್ತದೆ ಎಂದರು.

ಮನೆ ಬಿಡದೆ ಊರೆಲ್ಲ ನೋಡಿದ ಹಾಗಾಯಿತು. ಚುಕ್ಕೆ ಪಣಂಬೂರು ದಾಟುವಾಗ ಬೇಳೆ ಆರಿಸುವುದನ್ನು ನಿಲ್ಲಿಸಿದೆ. ಬಂದರಿನ ಗೇಟಿನಿಂದ ಸ್ವಲ್ಪ ಈಚೆ, ಹಾಳೆಮರದ ಹತ್ತಿರ, ಆ ಕೊನೆಯ ದಿನ ಇವರು ಎಡಕ್ಕೆ ತೆಗೆದು ಗಾಡಿ ನಿಲ್ಲಿಸಿದ್ದು. ಇಂಡಿಕೇಟರ್ ಹಾಕಿದ್ದರಂತೆ, ಹ್ಯಾಂಡ್‌ಬ್ರೇಕ್ ಎಳೆದಿದ್ದರಂತೆ. ಆಮೇಲೆ ಸ್ಟೇರಿಂಗಿನ ಮೇಲೆ ತಲೆ ಇಟ್ಟರು.

ಚುಕ್ಕೆ ಅಲ್ಲಿ ನಿಲ್ಲಲಿಲ್ಲ. ನಿಲ್ಲಲು ಅಲ್ಲಿ ಅಂಗಡಿಯೇನೂ ಇಲ್ಲ.

ಡಿಸೆಂಬರ್ 30

ಸಂಜೆ ಆರೂವರೆ. ಗೋಡೌನಿನ ಕಜೆಟನ್ ಬಂದಿದ್ದರು, ಕ್ರಿಶ್ಚಿಯನ್ ಹಿರಿಯರೆಂದು ನಾವು ಪೊರ್ಬುಗಳು ಎನ್ನುವವರು. ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಯ ಡಬ್ಬಿ ಫಾಯಿಝಾಳ ಕೈಗೆ ಕೊಟ್ಟು ಅಂಗಳದಲ್ಲೇ ನಿಂತರು. ನಾನು ಕಿಟಕಿಯ ಒಳಗೆ. ನಡುವೆ ಗಾಡಿ.

ಒಡೆದದ್ದರ ಬಗ್ಗೆ ಹೇಳಿದರು. ಬಿಜೈಯ ಎರಡು ಅಂಗಡಿಯವರು ಬೇರೆಯವರಿಂದ ತರಿಸುತ್ತೇವೆ ಎಂದಿದ್ದಾರೆ. ಶಫೀಕ್ ತಪ್ಪನ್ನು ಗಾಡಿಯ ಮೇಲೆ ಹಾಕುತ್ತಾನೆ, ಇದು ಮೊಟ್ಟೆಯ ಗಾಡಿಯೇ ಅಲ್ಲ, ಕುದುರೆಯ ಹಾಗೆ ಹಾರುತ್ತದೆ ಎನ್ನುತ್ತಾನೆ. ರಂಜಾನಿಗೆ ಸಂಜೆಯ ತಿಂಡಿ ಅಂಗಡಿಗಳಿಗೆ ದುಪ್ಪಟ್ಟು ಮೊಟ್ಟೆ ಬೇಕು. ಅಷ್ಟರಲ್ಲಿ ಸರಿಯಾಗದಿದ್ದರೆ ಲೈನನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ, ಬೇಸರ ಮಾಡಬೇಡಿ ಎಂದರು. ಅದನ್ನು ಹೇಳುವಾಗ ಗಾಡಿಯ ಬಾನೆಟ್ಟನ್ನು ಸವರುತ್ತಿದ್ದರು.

ಹೊರಡುವ ಮೊದಲು ಹೇಳಿದರು: "ಆ ದಿನ ಪಣಂಬೂರಿಗೆ ನಾನೇ ಹೋದದ್ದು, ಗೊತ್ತುಂಟಲ್ಲ. ಲೋಡು ನಾನೇ ಬೇರೆ ಗಾಡಿಗೆ ಹಾಕಿಸಿದೆ. ಒಂದು ಮೊಟ್ಟೆಯೂ ಒಡೆದಿರಲಿಲ್ಲ ಆಯಿಶಾ. ಒಂದೂ."

ನನಗೆ ಗೊತ್ತಿರಲಿಲ್ಲ.

ಅಳು ತಡೆಯಲೆಂದೋ ಏನೋ, ಆಮೇಲೆ ತಮಾಷೆಗೆ ತಿರುಗಿದರು. ರವೂಫ್ ಸೀಟು ಏರುವ ಮಾಡೆಲೇ ಬೇಕೆಂದು ಹಟ ಹಿಡಿದಾಗ, ನಿನಗೆ ಎಂತಕ್ಕೆ ಮಾರಾಯ, ತಲೆ ಟಾಪಿಗೆ ತಾಗುತ್ತದೆ ಎಂದು ಇಡೀ ಗೋಡೌನು ನಕ್ಕಿತ್ತಂತೆ.

ಬದ್ರುವಿಗೆ ವಿಷಯ ಗೊತ್ತಾಗಿ ಫೋನು ಮಾಡಿದ. ಗಾಡಿಯೇ ಸರಿಯಿಲ್ಲ, ಕೃಷ್ಣಾಪುರದವರಿಗೆ ಬೇಗ ಬರಲು ಹೇಳುತ್ತೇನೆ ಎಂದ. ನಾನು ಹೂಂ ಎನ್ನಲಿಲ್ಲ.

ಜನವರಿ 8

ಹತ್ತು ಗಂಟೆ, ಬಿಸಿಲು ಬಂದಿದೆ. ಒಗೆಯಲು ಹೋದಾಗ ಮರಳಿನ ಚೀಲದ ಮೂಲೆ ಹರಿದು ಮರಳು ಸುರಿದಿತ್ತು. ಸೂಜಿ ದಾರ ತಂದು ಕಲ್ಲಿನ ಮೇಲೆಯೇ ಕೂತು ಹೊಲಿದೆ. ಪ್ರತಿ ವರ್ಷ ಮಳೆ ಮುಗಿದ ಮೇಲೆ ಇವರು ಈ ಚೀಲಗಳನ್ನು ತಂದು ನನ್ನ ಮುಂದೆ ಇಡುತ್ತಿದ್ದರು. ಒಳಗೆ ಅಕ್ಕಿಯ ಗೋಣಿ, ಹೊರಗೆ ನನ್ನ ಹಳೆಯ ಬುರ್ಖಾದ ಬಟ್ಟೆ, ಎರಡು ಪದರು. ಒಂದು ಸಲ, ಇದು ಗಾಡಿಗೆ ದಿಂಬಾ ಎಂದು ಕೇಳಿದ್ದೆ. ದಿಂಬಲ್ಲ, ಪ್ಯಾಸೆಂಜರ್ ಎಂದಿದ್ದರು. ಲೋಡು ತುಂಬಿದ ಗಾಡಿ ನಡೆಯುತ್ತದೆ, ಖಾಲಿಯಾದ ಹಾಗೆ ಹಾರಲು ಶುರು ಮಾಡುತ್ತದೆ, ಹಿಂದಿನ ಚಕ್ರದ ಮೇಲೆ ಯಾರಾದರೂ ಕೂತಿರಬೇಕು ಎಂದಿದ್ದರು.

ಹೊಲಿಗೆ ಮುಗಿಸಿ ಗಂಟು ಹಾಕುವಾಗ ಇದು ನೆನಪಾಯಿತು.

ಬಿಜೈಗೆ ಬರುವಷ್ಟರಲ್ಲಿ ಲೋಡು ಅರ್ಧ ಇಳಿದಿರುತ್ತದೆ. ಒಡೆಯುವುದು ಅಲ್ಲಿಂದ ಈಚೆ.

ಶಫೀಕ್ ಬಂದಾಗ ಬಾಗಿಲ ಮರೆಯಿಂದ ಕೇಳಿದೆ, ಈ ಚೀಲಗಳನ್ನು ಯಾಕೆ ಹಾಕಿಕೊಳ್ಳುವುದಿಲ್ಲ ಎಂದು. ಬದ್ರುದ್ದೀನ್ ಭಾಯಿ ಬೇಡ ಅಂದಿದ್ದಾರೆ, ಹೊಸ ಬಾಡಿಗೆ ಗೀರು ಬೀಳುತ್ತದಂತೆ, ತಗೊಳ್ಳುವವರು ಮೊದಲು ನೋಡುವುದೇ ಅದನ್ನಂತೆ ಎಂದ. ಸೀಟಿನ ಪ್ಲಾಸ್ಟಿಕ್ ತೆಗೆಯಲೂ ಬಿಟ್ಟಿಲ್ಲ, ಬೆನ್ನೆಲ್ಲ ಬೆವರುತ್ತದೆ ಎಂದು ಅದನ್ನೂ ಸೇರಿಸಿದ.

ಬದ್ರುವಿಗೆ ಫೋನು ಮಾಡೋಣ ಎಂದುಕೊಂಡೆ. ಮಾಡಲಿಲ್ಲ. ನಾನು ಹೇಳುವುದು ಸರಿ ಎಂದು ನನಗೇ ಗೊತ್ತಿಲ್ಲವಲ್ಲ.

ಜನವರಿ 15

ಸಂಜೆ ಐದೂವರೆ.

ನನ್ನ ಹತ್ತಿರ ಲೈಸೆನ್ಸ್ ಉಂಟು. ಫಾಯಿಝಾ ಸಣ್ಣವಳಿದ್ದಾಗ ಇವರು ಡ್ರೈವಿಂಗ್ ಸ್ಕೂಲಿಗೆ ಸೇರಿಸಿ ತೆಗೆಸಿದ್ದು. ನವೀಕರಣಕ್ಕೂ ಇವರೇ ಕರೆದುಕೊಂಡು ಹೋಗುತ್ತಿದ್ದರು. ಹಳೆಯ ಗಾಡಿಯ ಡ್ರೈವರ್ ಸೀಟಿನಲ್ಲಿ ಒಂದೆರಡು ಸಲ ಕೂತಿದ್ದೆ. ಕಾಲು ಕ್ಲಚ್ಚಿಗೆ ಸರಿಯಾಗಿ ಎಟುಕದೆ ಬಿಟ್ಟುಬಿಟ್ಟೆ.

ಶಫೀಕ್ ಗಾಡಿ ತಂದು ನಿಲ್ಲಿಸಿ ಹೋದ ಮೇಲೆ ಅಡಿಗೆಮನೆಯಿಂದ ಒಂದು ಟ್ರೇ ಮೊಟ್ಟೆ ತಂದು ಹಿಂದೆ ಬಾಡಿಯಲ್ಲಿ ಇಟ್ಟೆ. ಕಟ್ಟದೆ, ಹಾಗೆಯೇ. ಹೊಸ ಡ್ರೈವರ್ ಯಾರಾದರೂ ಬಂದರೆ ಇವರು ಪರೀಕ್ಷೆ ಮಾಡುತ್ತಿದ್ದದ್ದು ಹೀಗೆ. ಕೆಲವರು ಗೋಡೌನಿನ ಗೇಟು ದಾಟುವ ಮೊದಲೇ ಫೇಲ್ ಆಗುತ್ತಿದ್ದರಂತೆ.

ಶಮೀಮಾ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಇದ್ದತ್ತಿನಲ್ಲಿ ಇದು ಆದೀತಾ ಎಂದು ಅವರನ್ನೇ ಕೇಳಿದೆ.

"ಗಾಡಿ ಓಡಿಸಬಾರದು ಅಂತ ಯಾವ ಉಸ್ತಾದರೂ ಹೇಳಿಲ್ಲ. ಯಾಕೆಂದರೆ ಯಾವ ಹೆಂಗಸೂ ಕೇಳಿಲ್ಲ. ಗೇಟಿನ ಪಟ್ಟಿ ದಾಟಬೇಡ, ಅಷ್ಟೆ."

ಗೇಟು ಜಾರುವ ಕಬ್ಬಿಣದ ಪಟ್ಟಿ ನೆಲದಲ್ಲಿ ಉಂಟು. ಮನೆಯಿಂದ ಅಲ್ಲಿಯವರೆಗೆ ಏರು.

ಸೀಟು ಏರಿಸಿ ಕೂತೆ. ಮೊದಲು ಎಂಜಿನ್ ನಿಂತುಹೋಯಿತು. ಮತ್ತೆ ನಿಂತಿತು. ಶಮೀಮಾ ಜಗಲಿಯಿಂದ ಕೆಮ್ಮಿದರು. ಆಮೇಲೆ ಗಾಡಿ ಹೊರಟಿತು, ಹಾರಿ ಹೊರಟಿತು. ಪಟ್ಟಿಯ ಹತ್ತಿರ ಬ್ರೇಕು ಒತ್ತಿದೆ. ಒಳಗೆ ಇಟ್ಟಿದ್ದ ನನ್ನ ಫೋನೇ ಟಿಂಗ್ ಎಂದಿತು. ರಿವರ್ಸ್ ಹಾಕಿ ಕೆಳಗೆ ಬಂದೆ, ಪರದೆಯಲ್ಲಿ ಒಗೆಯುವ ಕಲ್ಲು ದೊಡ್ಡದಾಗುತ್ತಾ ಬಂತು, ಬೀಪ್ ಶಬ್ದ ಜೋರಾಯಿತು, ನಿಲ್ಲಿಸಿದೆ.

ಟ್ರೇ ಬಾಡಿಯ ಹಿಂದಿನ ಬಾಗಿಲಿಗೆ ಹೋಗಿ ಮಗುಚಿತ್ತು. ಶಮೀಮಾ ಇಳಿದು ಬಂದು ನೋಡಿ, ಶಫೀಕನೇ ವಾಸಿ ಎಂದರು.

ಜನವರಿ 17

ಇಂದೂ ಒಡೆಯಿತು. ಬಾಡಿ ತೊಳೆದೆ.

ಜನವರಿ 29

ರಾತ್ರಿ ಒಂಬತ್ತು. ಇಂದು ಚೀಲಗಳನ್ನು ಹಾಕಿದೆ. ಒಂದನ್ನು ನಾನೂ ಫಾಯಿಝಾಳೂ ಎತ್ತಿದೆವು. ಇನ್ನೊಂದಕ್ಕೆ ಶಮೀಮಾ ಬಿಸ್ಮಿಲ್ಲಾ ಹೇಳಿ ಕೈಹಾಕಿ, ಸೊಂಟ ಹಿಡಿದು ಬಿಟ್ಟರು. ಎಳೆದು ತಂದು ಹಿಂದಿನ ಚಕ್ರಗಳ ನೇರಕ್ಕೆ ಇಟ್ಟೆವು. ಇಡುವಾಗ ಬಿಳಿ ಬಣ್ಣದ ಮೇಲೆ ಉದ್ದಕ್ಕೆ ಗೀರು ಬಿತ್ತು, ಎರಡು ಗೆರೆ. ಫಾಯಿಝಾ ನನ್ನ ಮುಖ ನೋಡಿದಳು. ಟ್ರೇಯನ್ನು ಚೀಲಗಳ ನಡುವೆ ಇಡು ಎಂದೆ.

ಕ್ಲಚ್ಚನ್ನು ನಿಧಾನ ಬಿಡುವುದು ಈಗ ಬರುತ್ತದೆ. ಬಾಣ ಹೇಳಿದಾಗ ಗೇರು ಬದಲಿಸುವಷ್ಟು ಅಂಗಳ ನಮ್ಮದು ಉದ್ದ ಇಲ್ಲ, ಒಂದನೇ ಗೇರಿನಲ್ಲೇ ಹೋಗಿ ಬರುವುದು. ಏರಿನ ಅರ್ಧದಲ್ಲಿ ಬೇಕೆಂದೇ ನಿಲ್ಲಿಸಿದೆ. ಬ್ರೇಕಿನಿಂದ ಕಾಲು ತೆಗೆದೆ. ಗಾಡಿ ಹಿಂದೆ ಬರಲಿಲ್ಲ. ಯಾರೋ ಬೆನ್ನಿಗೆ ಕೈ ಕೊಟ್ಟ ಹಾಗೆ ನಿಂತಿತು, ಅಷ್ಟರಲ್ಲಿ ಆಕ್ಸಿಲರೇಟರ್ ಕೊಟ್ಟೆ. ಪಟ್ಟಿಯವರೆಗೆ ಹೋಗಿ ಬಂದೆ. ನಾಲ್ಕೈದು ಸಲ.

ಒಂದೂ ಒಡೆಯಲಿಲ್ಲ. ಶಮೀಮಾ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದರು, ನಂಬದವರ ಹಾಗೆ.

ಶಫೀಕನಿಗೆ ಹೇಳಿಕಳುಹಿಸಿದೆ, ನಾಳೆಯಿಂದ ಚೀಲ ಅಲ್ಲೇ ಇರಬೇಕು, ಬದ್ರು ಕೇಳಿದರೆ ನಾನು ಹೇಳಿದ್ದೆಂದು ಹೇಳು ಎಂದು.

ರಾತ್ರಿಗೆ ಆಮ್ಲೆಟ್ ಮಾಡಿದರು. ನಾನೂ ತಿಂದೆ.

ಫೆಬ್ರವರಿ 6

ಮಧ್ಯಾಹ್ನ. ಒಂದು ವಾರದಿಂದ ಬಕೆಟು ಖಾಲಿ ಬರುತ್ತಿದೆ. ಶಫೀಕ್ ತನ್ನ ಕೈ ಪಳಗಿತು ಎಂದು ಹೇಳಿಕೊಂಡು ತಿರುಗುತ್ತಿದ್ದಾನಂತೆ. ಹೇಳಲಿ.

ಬದ್ರು ಬಂದು ಬಾಡಿಯ ಗೀರು ನೋಡಿದ. ಅವನು ಮೊಬೈಲಿನ ಅಂಗಡಿ ಇಟ್ಟವನು, ಗಾಜಿಗೆ ಹಾಳೆ ಅಂಟಿಸದೆ ಯಾವುದನ್ನೂ ಕೈಯಲ್ಲಿ ಹಿಡಿಯುವುದಿಲ್ಲ. ಅಣ್ಣ ಎಷ್ಟು ಆಸೆಯಿಂದ ಬುಕ್ ಮಾಡಿದ ಗಾಡಿ ಅತ್ತಿಗೆ, ಹೀಗೆ ಗೀರಿದರೆ ಹೇಗೆ ಎಂದ. ಅವನ ಸ್ವರ ಒಡೆಯಿತು. ಗಾಡಿ ಹೊಸದಾಗಿ ಇರಬೇಕು ಎಂದು ಅವನು ಹಟ ಮಾಡುತ್ತಿದ್ದದ್ದು ಕೃಷ್ಣಾಪುರದವರಿಗಾಗಿ ಮಾತ್ರ ಅಲ್ಲ ಎಂದು ಆಗ ತಿಳಿಯಿತು.

"ಮೊಟ್ಟೆಯ ಗಾಡಿಗೆ ಗೀರು ಬೀಳ್ತದೆ ಬದ್ರು" ಎಂದೆ.

ಚಹಾ ಕುಡಿದು ಹೋದ. ಚೀಲ ತೆಗೆಯಲು ಹೇಳಲಿಲ್ಲ.

ಫೆಬ್ರವರಿ 13

ಬೆಳಿಗ್ಗೆ ನಾಲ್ಕೂವರೆಗೆ ಎದ್ದೆ. ಚಹಾ ಮಾಡಿ ಕುಡಿದೆ. ಶಮೀಮಾ ಎದ್ದು ಬಂದು, ನನಗೆಲ್ಲಿ ಎಂದರು. ಅವರಿಗೆ ಬೇರೆ ಮಾಡಬೇಕಾಯಿತು.

ಫೆಬ್ರವರಿ 23

ಸಂಜೆ ಏಳು ಗಂಟೆ. ಗಾಡಿ ನೋಡಲು ಕೃಷ್ಣಾಪುರದವರು ಬಂದಿದ್ದರು, ಇದಿನಬ್ಬ ಹಾಜಿ ಮತ್ತು ಅವರ ಅಳಿಯ. ಬದ್ರು ಅವರ ಜೊತೆ. ಗಾಡಿಯನ್ನು ಸುತ್ತು ಬಂದರು, ಬಾನೆಟ್ಟು ಎತ್ತಿದರು, ಚಕ್ರಕ್ಕೆ ಒದ್ದರು. ಅಳಿಯ ಹಿಂದೆ ಹತ್ತಿ ಗೀರು ನೋಡಿ ನಾಲಿಗೆ ಲೊಚಗುಟ್ಟಿದ. ಚೀಲಕ್ಕೆ ಕಾಲು ತಾಗಿಸಿ, ಇದೆಂತ ಮಣ್ಣು ಎಂದ. ಗೀರು ಇರುವುದರಿಂದ ಇಳಿಸಿ ಕೊಡಬೇಕು ಎಂದರು. ಬದ್ರು, ಎರಡು ಗೆರೆ ಬಿಟ್ಟರೆ ಗಾಡಿ ಮುತ್ತಿನ ಹಾಗೆ ಉಂಟು ಎಂದ. ಹಾಗೆ ಹೀಗೆ ಮಾತು ಬೆಳೆಯಿತು. ನಾನು ಒಳಗೆ ತೆಂಗಿನಕಾಯಿ ತುರಿಯುತ್ತಾ ಕೇಳುತ್ತಿದ್ದೆ.

ಅಳಿಯ ಡ್ರೈವರ್ ಸೀಟಿನಲ್ಲಿ ಕೂತ. ಇದು ಎಷ್ಟು ಮೇಲೆ ಉಂಟು, ಯಾರು ಓಡಿಸುವುದು ಇದನ್ನು, ಎಂದು ಸೀಟನ್ನು ಕೆಳಗೆ ಇಳಿಸಿದ.

ತುರಿಯುವುದನ್ನು ಬಿಟ್ಟು ಬಾಗಿಲ ಹಿಂದೆ ಬಂದು ನಿಂತೆ.

"ಬದ್ರು, ಅವರಿಗೆ ಶರಬತ್ತು ಕೊಟ್ಟು ಕಳಿಸು. ಗಾಡಿ ಕೊಡುವುದಿಲ್ಲ."

ಇದಿನಬ್ಬ ಹಾಜಿ ಹಿರಿಯರು, ಅವರೇ ಮೊದಲು ಎದ್ದರು. ಮನೆಯವರಿಗೆ ಇಷ್ಟವಿಲ್ಲದ್ದನ್ನು ನಾವು ಒಯ್ಯುವುದಿಲ್ಲ ಎಂದು ಸಲಾಂ ಹೇಳಿ ಹೋದರು. ಶರಬತ್ತು ಕುಡಿದೇ ಹೋದರು.

ಬದ್ರು ಒಳಗೆ ಬಂದು ಕೂತ. ಕೊಡದಿದ್ದರೆ ಬೇಡ, ಆದರೆ ಶಫೀಕನಿಗೆ ಸೌದಿಯ ದಮ್ಮಾಮಿನ ವೀಸಾ ಬಂದಿದೆ, ಮುಂದಿನ ತಿಂಗಳು ಹೋಗುತ್ತಾನೆ, ಆಮೇಲೆ ಯಾರು ಎಂದು ಕೇಳಿದ. ನಾನು ಉತ್ತರ ಹೇಳುವ ಮೊದಲು ಶಮೀಮಾ, ನಿನಗೆ ಕಣ್ಣಿಲ್ಲವಾ, ಜನವರಿಯಿಂದ ಈ ಅಂಗಳದ ಮಣ್ಣೆಲ್ಲ ಎದ್ದು ಹೋಗಿದೆ ಎಂದರು. ಬದ್ರು ಕಿಟಕಿಯಿಂದ ಅಂಗಳ ನೋಡಿದ. ಮತ್ತೆ ಮತ್ತೆ ಹೋಗಿ ಬಂದ ಚಕ್ರದ ಗುರುತು ಮನೆಯಿಂದ ಗೇಟಿನ ಪಟ್ಟಿಯವರೆಗೆ, ಅಲ್ಲಿಗೆ ನಿಂತಿದೆ.

ಅವರು ಹೋದ ಮೇಲೆ ಸೀಟನ್ನು ಮತ್ತೆ ಏರಿಸಿ ಬಂದೆ.

ಫೆಬ್ರವರಿ 26

ಹನ್ನೊಂದು ಗಂಟೆಗೆ ಕಜೆಟನ್ ಅವರ ಫೋನು. ಈ ತಿಂಗಳು ಒಡೆದದ್ದು ಲೆಕ್ಕಕ್ಕೇ ಇಲ್ಲ, ಬಿಜೈಯವರು ವಾಪಸು ಬಂದಿದ್ದಾರೆ ಎಂದರು. ಆದರೆ ಶಫೀಕ್ ಹೋದ ಮೇಲೆ ಲೈನಿಗೆ ಯಾರು, ಇಂದೇ ಹೇಳಬೇಕು, ಕೇಳುವವರು ಬೇರೆ ಇದ್ದಾರೆ ಎಂದರು.

"ನಾನು ಬರ್ತೇನೆ. ಮಾರ್ಚ್ ಹನ್ನೆರಡರಿಂದ."

ಅವರು ನಗುತ್ತಾರೆ ಎಂದುಕೊಂಡಿದ್ದೆ. ಆಚೆ ಕಡೆ ಟ್ರೇಗಳನ್ನು ಜೋಡಿಸುವ ಶಬ್ದ ಮಾತ್ರ ಕೇಳುತ್ತಿತ್ತು.

"ಆ ಸೀಟಿನ ವಿಷಯಕ್ಕೆ ನಾವೆಲ್ಲ ನಕ್ಕೆವಲ್ಲ" ಎಂದರು ಆಮೇಲೆ. "ಆಗ ರವೂಫ್ ಹೇಳಿದ್ದು ಎಂತ ಗೊತ್ತುಂಟಾ? ನಾನು ಇಡೀ ದಿನ ಇದರಲ್ಲೇ ಕೂರುವವನಲ್ಲ ಪೊರ್ಬುಗಳೇ, ಇನ್ನೊಂದು ಡ್ರೈವರ್ ಮನೆಯಲ್ಲಿ ಉಂಟು, ಕುಳ್ಳಿ, ಹಳೆಯದರಲ್ಲಿ ಕಾಲು ಎಟುಕುವುದಿಲ್ಲ. ನಾನು ತಮಾಷೆ ಅಂದುಕೊಂಡೆ."

ಫೋನು ಇಟ್ಟು ಒಳಗೆ ಬಂದೆ. ಬೇಳೆ ತಳ ಹಿಡಿದಿತ್ತು. ಪಾತ್ರೆ ಉಜ್ಜಿ ಮತ್ತೆ ಬೇಳೆ ಇಟ್ಟೆ.

ಮಾರ್ಚ್ 2

ಮೊದಲ ಉಪವಾಸ. ಅವರಿಲ್ಲದ ಮೊದಲ ರಂಜಾನ್. ಸಂಜೆಯ ಮಗ್ರಿಬ್ ಬಾಂಗಿಗೆ ಖರ್ಜೂರ ಹಂಚುವುದು ಅವರ ಕೆಲಸವಾಗಿತ್ತು, ಇಂದು ಫಾಯಿಝಾ ಹಂಚಿದಳು. ಒಂದು ಹೆಚ್ಚಾಗಿ ತಟ್ಟೆಯಲ್ಲಿ ಉಳಿಯಿತು. ಯಾರೂ ಮುಟ್ಟಲಿಲ್ಲ. ರಾತ್ರಿಯ ತರಾವೀಹ್ ನಮಾಝ್ ಮುಗಿದ ಮೇಲೆ ಅದನ್ನು ನಾನು ತಿಂದೆ.

ಮಾರ್ಚ್ 7

ಸಂಜೆ ನಾಲ್ಕು. ಇಫ್ತಾರಿಗೆ ಫಾಯಿಝಾಳಿಗೆ ಮೊಟ್ಟೆಯ ತಿಂಡಿ ಮಾಡಬೇಕಿತ್ತು. ಮನೆಯಲ್ಲಿ ಒಂದೂ ಇರಲಿಲ್ಲ, ಒಡೆದದ್ದೂ ಬಂದಿಲ್ಲ. ಅಂಗಡಿಯಿಂದ ತರಿಸಿದೆವು. ನಮ್ಮದೇ ಲೈನಿನ ಮೊಟ್ಟೆ, ಕಾಸು ಕೊಟ್ಟು. ಮೊಟ್ಟೆ ವ್ಯಾಪಾರಿಯ ಮನೆಯಲ್ಲಿ ಮೊಟ್ಟೆಗೆ ಬರ ಎಂದಳು. ಶಮೀಮಾ ನಕ್ಕರು. ನಾನೂ.

ಮಾರ್ಚ್ 11

ರಾತ್ರಿ ಎಂಟೂವರೆ. ಮಗ್ರಿಬ್‌ಗೆ ಇದ್ದತ್ ಮುಗಿಯಿತು. ಶಮೀಮಾ ನನ್ನ ಕೈಗೆ ಬಳೆ ಹಾಕಲು ಬಂದರು. ಬೇಡ, ಗೇರು ಹಾಕುವಾಗ ತಾಗುತ್ತದೆ ಎಂದೆ. ವಾಚು ಕಟ್ಟಿಕೊಂಡೆ. ಗಂಡನ ವಾಚು ಅಲ್ಲ, ನನ್ನದು.

ಇಫ್ತಾರ್ ಆದ ಮೇಲೆ ನನ್ನ ಗಾಡಿಯ ಸೀಟಿನ ಪ್ಲಾಸ್ಟಿಕ್ ಹರಿದು ತೆಗೆದೆ. ಒಳಗಿನ ಬಟ್ಟೆ ಬೂದು ಬಣ್ಣ, ಅಂಚಿನಲ್ಲಿ ಕೆಂಪು ಹೊಲಿಗೆ. ಇಷ್ಟು ದಿನ ಕಂಡಿರಲಿಲ್ಲ. ಹೊಲಿಗೆ ಚೆನ್ನಾಗಿದೆ. ಕನ್ನಡಿಗಳನ್ನು ನನ್ನ ಕಣ್ಣಿಗೆ ತಿರುಗಿಸಿದೆ. ಲೈಸೆನ್ಸನ್ನು ಕಪಾಟಿನಿಂದ ತೆಗೆದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟೆ.

ಬದ್ರು ಬಂದಿದ್ದ. ನಾಳೆ ಸ್ಕೂಟರಿನಲ್ಲಿ ನನ್ನ ಮುಂದೆ ಹೋಗುತ್ತಾನಂತೆ, ಲಾರಿಗಳು ಅಡ್ಡ ಬಂದರೆ ಕೈ ತೋರಿಸುತ್ತಾನಂತೆ. ಎಡಗಡೆ ಸೀಟಿಗೆ ಶಮೀಮಾ ಬರುತ್ತೇನೆ ಎಂದಿದ್ದಾರೆ. ನೀವು ಯಾಕೆ ಎಂದು ಬದ್ರು ಕೇಳಿದ. ಪಟ್ಟಿಯ ಈಚೆ ಎಲ್ಲ ನಾನೇ ಕಲಿಸಿದ್ದು, ಆಚೆ ಹೇಗೆ ಓಡಿಸುತ್ತಾಳೆ ನೋಡಬೇಡವಾ ಎಂದರು. ಬದ್ರು ಹೊರಡುವಾಗ ಬಾಡಿಯಲ್ಲಿ ಕೈಯಾಡಿಸಿ, ಚೀಲದ ಅಡಿಗೆ ಒಂದು ರಬ್ಬರ್ ಚಾಪೆ ಹಾಕಿದ. ಅಂಗಡಿಯಿಂದ ತಂದದ್ದಂತೆ.

ಪಣಂಬೂರಿನ ಹಾಳೆಮರದ ಹತ್ತಿರ ನಿಲ್ಲಿಸಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಲೋಡು ಇರುವಾಗ ಬದಿಗೆ ಇಳಿಸಿದರೆ ಗಾಡಿ ವಾಲುತ್ತದೆ. ಬೈಕಂಪಾಡಿಯಿಂದ ಬರುವಾಗ ಲೋಡು ತುಂಬಿರುತ್ತದೆ. ಹೋಗುವಾಗ, ಖಾಲಿ ಇರುವಾಗ, ಒಂದು ಗಳಿಗೆ ಇಂಡಿಕೇಟರ್ ಹಾಕಿ ನಿಲ್ಲಿಸಬಹುದು.

ಬೆಳಗಿನ ಜಾವದ ಸಹ್ರಿ ಊಟಕ್ಕೆ ಅಲಾರಂ ಇಟ್ಟಿದ್ದೇನೆ. ನಾಳೆ ಮೊದಲ ಅಂಗಡಿ ಕೂಳೂರಿನದು, ಅವರಿಗೆ ನಾಲ್ಕು ಟ್ರೇ.